ಹೆಬ್ಬೆರಳಿನ ಮರೆ

೧೮೬೮ರ ಮಾರ್ಚ್ ೧೨, ಬೆಳಿಗ್ಗೆ ಹತ್ತೂವರೆ. ರುವಾನ್‌ನ ಅಚ್ಚುಮನೆಯಲ್ಲಿ ಮುದುಕ ಗ್ರೆಗ್ವಾರ್ ತಾನೇ ಕೊರೆದ ತಾಮ್ರದ ಫಲಕದ ಮೂಲೆಗೆ ಉಕ್ಕಿನ ಸೂಜಿ ಊರಿದ. ತೆಗೆದ ಹನ್ನೆರಡು ಪ್ರತಿಗಳೂ ಮಾರಾಟವಾಗಿದ್ದವು. ಇನ್ನೊಂದು ಪ್ರತಿ ಅಚ್ಚಾಗದಂತೆ, ಕೊರೆದವನೇ ಫಲಕಕ್ಕೆ ಅಡ್ಡಗೀರು ಎಳೆಯಬೇಕು. ಆಗಲೇ ಕೊಂಡವರಿಗೆ ನಂಬಿಕೆ.

ಫಲಕದ ತುಂಬ ನೂಲುಗಾರರ ಬೀದಿಯ ಹಳೆಯ ಮನೆ, ಕೆತ್ತನೆಯ ಕಂಬಗಳು, ಕಲ್ಲಿನ ಹೂಬಳ್ಳಿ. ಮೇಲಿನ ಒಂದು ಕಿಟಕಿಯಲ್ಲಿ ಗೋಧಿಕಾಳಿನಷ್ಟು ಪುಟ್ಟ ಹುಡುಗಿ. ಅದು ತೀರಿಕೊಂಡ ಮಗಳು ನೋಯೆಮಿ; ಅವಳ ಬೇರೆ ಚಿತ್ರ ಅವನ ಬಳಿಯಾಗಲಿ, ಪಕ್ಕದಲ್ಲಿ ನಿಂತಿದ್ದ ಹೆಂಡತಿ ಯೂಲಾಲಿಯ ಬಳಿಯಾಗಲಿ ಇರಲಿಲ್ಲ.

"ಕೊಡಿ ಮೇಷ್ಟ್ರೇ, ನಾನೇ ಎಳೀತೀನಿ," ಅಂದ ಅಚ್ಚಿನ ಬರ್ತೆಲ್ಮಿ. "ನಿಮ್ಮ ಕಣ್ಣಿಗಿಂತ ನಮ್ಮನೆ ಕುರುಡು ಬೆಕ್ಕೇ ವಾಸಿ."

"ನನ್ನ ಮಗಳು ಎಲ್ಲಿ ನಿಂತಿದಾಳೆ ಅಂತ ನಿನ್ನ ಬೆಕ್ಕಿಗೆ ಗೊತ್ತೇನೋ? ಸುಮ್ನಿರು. ಅವಳಿಗೆ ತಾಗದ ಹಾಗೆ ಬಳಸಿ ಎಳೀತೀನಿ."

ಅವನು ಬೆರಳಿನಿಂದ ತಾಮ್ರವನ್ನು ತಡವಿ, ಕಿಟಕಿ ಸಿಕ್ಕಿತೆಂದು ಎಡಗೈಯ ಹೆಬ್ಬೆರಳನ್ನು ಅದರ ಮೇಲೆ ಅಡ್ಡ ಇಟ್ಟ. ಸೂಜಿ ಕಿರ್ರೆಂದು ಇಳಿದು ಬಂತು, ಹೆಬ್ಬೆರಳನ್ನು ಸುತ್ತಿಕೊಂಡು ಎದುರಿನ ಮೂಲೆ ಮುಟ್ಟಿತು. ಅವನು ಕೈ ತೆಗೆದ.

ಬೆರಳಿನಡಿ ಇದ್ದದ್ದು ಪಕ್ಕದ ಖಾಲಿ ಕಿಟಕಿ. ಗೀರು ನೋಯೆಮಿಯ ಕುತ್ತಿಗೆಯ ಮೇಲೆಯೇ ಹಾದಿತ್ತು. ಬರ್ತೆಲ್ಮಿ ಯೂಲಾಲಿಯ ಮುಖ ನೋಡಿದ.

"ತಾಗಲಿಲ್ಲ ತಾನೇ, ಯೂಲಾಲಿ?" ಗ್ರೆಗ್ವಾರ್ ಹೆಂಡತಿಯತ್ತ ತಿರುಗಿದ.

"ಇಲ್ಲಾರೀ, ತಾಗಿಲ್ಲ."

"ಎಷ್ಟು ದೂರದಲ್ಲಿ ಹೋಯ್ತು? ಸರಿಯಾಗಿ ನೋಡಿ ಹೇಳು."

ಯೂಲಾಲಿ ಫಲಕದ ಮೇಲೆ ಬಾಗಿ, ಬರ್ತೆಲ್ಮಿ ಚಾಚಿದ ಅಳತೆಪಟ್ಟಿಯನ್ನು ಸದ್ದಾಗುವಂತೆ ತಾಮ್ರದ ಮೇಲಿಟ್ಟಳು.

"ಮೂರು ಮಿಲಿಮೀಟರ್," ಅಂದಳು.