ಮೂರನೆಯವಳು

ಮದುವೆಯ ದಿನ ಬೆಳಿಗ್ಗೆ ಜೋಯಿಸರು ಹಿತ್ತಲಿಗೆ ಬಂದು, ಡ್ರಮ್ಮಿನಲ್ಲಿ ನಿಂತಿದ್ದ ಬಾಳೆಗಿಡವನ್ನು ನೋಡಿ, ಇದೇ ಆಗುತ್ತದೆ ಅಂದರು. ಹೊಳೆದಂಡೆಯ ತೋಟದಿಂದ ಬೇರೆ ಗಿಡ ತರಿಸುತ್ತೇನೆಂದು ವಧುವಿನ ತಾಯಿ ಸರ್ವಮಂಗಳಮ್ಮ ಹೇಳಿ ನೋಡಿದಳು. ಗೊನೆ ಹೊತ್ತ ಗಿಡ ಮನೆಯಲ್ಲೇ ಇರುವಾಗ ಹೊರಗಿನದು ಯಾಕೆ, ಮುಹೂರ್ತ ಮೀರುತ್ತದೆ ಎಂದು ಅವರು ಒಪ್ಪಲಿಲ್ಲ.

ವರ ಕೊಟ್ಟೂರಪ್ಪ ದಾವಣಗೆರೆಯ ಹತ್ತಿ ವ್ಯಾಪಾರಿ. ಇಬ್ಬರು ಹೆಂಡತಿಯರು ಹೆರಿಗೆಯಲ್ಲಿ ತೀರಿಕೊಂಡಿದ್ದರು. ಮೂರನೆಯವಳೂ ಉಳಿಯುವುದಿಲ್ಲವೆಂದು ಜಾತಕ ಹೇಳಿತ್ತು. ಅದಕ್ಕೇ ಮೊದಲು ಬಾಳೆಗೆ ತಾಳಿ ಕಟ್ಟಿ, ಅದನ್ನು ಕಡಿದುಹಾಕಿ, ಆಮೇಲೆ ಉಮಾಮಹೇಶ್ವರಿಯನ್ನು ನಾಲ್ಕನೆಯವಳಾಗಿ ಕೈಹಿಡಿಯಬೇಕಿತ್ತು.

ಗಿಡ ಉಮಾಮಹೇಶ್ವರಿಯದೇ. ಹರಿಹರದ ಆ ಬಾಡಿಗೆ ಮನೆಯ ಹಿತ್ತಲೆಲ್ಲ ಚಪ್ಪಡಿ ಕಲ್ಲು. ಅಪ್ಪ ಸತ್ತ ವರ್ಷ ಅವಳು ಡಾಂಬರಿನ ಖಾಲಿ ಡ್ರಮ್ಮಿನ ತಳಕ್ಕೆ ತೂತು ಹೊಡೆಸಿ, ಮಣ್ಣು ಗೊಬ್ಬರ ತುಂಬಿ ಒಂದು ಬಾಳೆಯ ಕಂದು ನೆಟ್ಟಿದ್ದಳು. ಅಕ್ಕಿ ತೊಳೆದ ನೀರು, ಒಲೆಯ ಬೂದಿ ಎಲ್ಲ ಅದಕ್ಕೇ. ಇದ್ದ ಮಣ್ಣಿನ ಸಾರವೆಲ್ಲ ಒಂದಕ್ಕೇ ಸಿಗಲೆಂದು ಬುಡದಲ್ಲಿ ಎದ್ದ ಮರಿಗಳನ್ನು ಕಿತ್ತುಹಾಕುತ್ತಿದ್ದಳು. ಡ್ರಮ್ಮಿನಲ್ಲಿ ಬಾಳೆ ಗೊನೆ ಹಾಕೀತೇ ಎಂದು ಓಣಿಯವರು ನಕ್ಕಿದ್ದರು. ಹಾಕಿತು. ಕಾಯಿ ತುಂಬಿಕೊಳ್ಳಲೆಂದು ಗೊನೆಯ ತುದಿಯ ಹೂವಿನ ಮೂತಿ ಮುರಿದಳು, ಗಿಡ ವಾಲದಂತೆ ಬಿದಿರಿನ ಗಳು ಊರಿ ಆಸರೆ ಕೊಟ್ಟಳು. ಕಾಯಿಗಳು ಈಗಷ್ಟೇ ದುಂಡಗಾಗುತ್ತಿದ್ದವು.

"ಅವ್ವಾ, ಕಾಯಿನ್ನೂ ಬಲಿತಿಲ್ಲ. ಇದು ಬ್ಯಾಡ."

"ಗಿಡ ಹೋದ್ರೆ ಹೋಗ್ಲಿ. ನೀನು ಉಳೀಬೇಕಲ್ಲವ್ವ."

"ಅದನ್ನ ಕಡಿದ್ರೆ ನಾ ಉಳೀತೀನಾ?"

ಸರ್ವಮಂಗಳಮ್ಮ ಮಗಳ ಸೆರಗು ಸರಿಮಾಡಿದಳು.

ಕೊಟ್ಟೂರಪ್ಪ ಬಾಳೆಯ ದಿಂಡಿಗೆ ತಾಳಿ ಕಟ್ಟಿದ. ಜೋಯಿಸರು ಮಚ್ಚು ಕೊಟ್ಟರು. ಅವನು ಅದನ್ನೆತ್ತಿ ಗೊನೆಯನ್ನೇ ನೋಡುತ್ತ ನಿಂತ.

"ಡ್ರಮ್ಮಿನಾಗ ಬಾಳೆ ಇಷ್ಟು ಚಂದ ಬಂದಿದ್ದು ನಾ ನೋಡಿಲ್ಲ. ಯಾರು ಬೆಳಸಿದ್ದು?"

"ನೀವು ಮದುವಿ ಆಗೋ ಹುಡುಗೀನೇರಿ," ಎಂದಳು ಸರ್ವಮಂಗಳಮ್ಮ.

ಅವನ ಕೈ ಕೆಳಗಿಳಿಯಿತು. ಹೊತ್ತಾಯಿತೆಂದು ಜೋಯಿಸರು ಎಚ್ಚರಿಸಿದರು. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಮತ್ತೊಂದಕ್ಕೆ ಗಿಡ ಉರುಳಿತು. ಹಸಿರು ಕಾಯಿಗಳು ಚಪ್ಪಡಿಯ ಮೇಲೆಲ್ಲ ಚೆಲ್ಲಿದವು. ಸೂತಕದ ಸ್ನಾನಕ್ಕೆಂದು ಅವನನ್ನು ಬಚ್ಚಲಿಗೆ ಕರೆದೊಯ್ದರು.

ಹುಡುಗಿಗೆ ಬೇರೆ ತಾಳಿ ಎಲ್ಲಿ ಎಂದು ಯಾರೋ ಕೇಳಿದರು. ಗಂಡಿನ ಕಡೆಯವರು ಒಂದೇ ತಂದಿದ್ದರು.

"ಚಿನ್ನಕ್ಕೇನು ಮೈಲಿಗೆ?" ಅಂದರು ಜೋಯಿಸರು.

ಸರ್ವಮಂಗಳಮ್ಮ ಬಿದ್ದ ಗಿಡದಿಂದ ತಾಳಿ ಬಿಚ್ಚಿ, ಅಂಟಿದ್ದ ರಸ ಹೋಗುವಷ್ಟು ತೊಳೆದು, ಹೊಸ ದಾರಕ್ಕೆ ಪೋಣಿಸತೊಡಗಿದಳು.