ಲಾಡೋಳ ದವಡೆ

“ಇದು ಹೊಟ್ಟೆಯ ವಾಸನೆ ಅಲ್ಲ ರೀ, ಒಸಡಿನದು,” ಎಂದಳು ವೈಜಯಂತಿ. ಹಸುವಿನ ಮೂತಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ದೇಶದ ರಾಜಧಾನಿಯ ವಸಂತ್ ಕುಂಜ್‌ನ ಫ್ಲ್ಯಾಟಿನಿಂದ ಪಕ್ಕದ ರಂಗಪುರಿ ಹಳ್ಳಿಗೆ ಗಂಡ ಮುರಳೀಧರನ ಜೊತೆ ಹಾಲಿಗೆಂದು ಬಂದವಳು, ಕ್ಯಾನನ್ನು ಗೋಡೆಯ ಮೇಲಿಟ್ಟು ಮರೆತೇಬಿಟ್ಟಿದ್ದಳು. ಅವಳು ಹಲ್ಲಿನ ಡಾಕ್ಟರು. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಅವಳನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದು ಗಂಡನಿಂದಲೂ ಆಗದ ಕೆಲಸ.

ಹಸುವಿನ ಹೆಸರು ಲಾಡೋ. ಹಾಲು ಮಾರುವ ಬಿಮ್ಲಾ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದಳು. ಗುಡ್ಡದ ಕಡೆ ಮೇಯಲು ಹೋದರೂ ಈಚೆಗೆ ಅದರ ಹೊಟ್ಟೆ ತುಂಬುತ್ತಿರಲಿಲ್ಲ. ಅರೆಬರೆ ಅಗಿದ ಹುಲ್ಲು ಉಂಡೆ ಉಂಡೆಯಾಗಿ ಬಾಯಿಂದ ಉದುರುತ್ತಿತ್ತು, ಪಕ್ಕೆಲುಬು ಕಾಣುತ್ತಿತ್ತು. ದನದ ಡಾಕ್ಟರು ಹೊಟ್ಟೆಗೆ ಔಷಧಿ ಕೊಟ್ಟು, ವಯಸ್ಸಾಯಿತು ಎಂದು ಹೋಗಿದ್ದರು. ಬಿಮ್ಲಾಳ ಗಂಡ ಟೆಂಪೋ ಗೊತ್ತು ಮಾಡಿಯಾಗಿತ್ತು. ಸಂಜೆ ಲಾಡೋಳನ್ನು ಹೈವೇ ದಾಟಿಸಿ ಎಲ್ಲಾದರೂ ಬಿಟ್ಟುಬರುವುದು.

“ಹಲ್ಲು ನೋಡಿಯಾಯ್ತು ಡಾಕ್ಟರನೀ ಜೀ,” ಎಂದಳು ಬಿಮ್ಲಾ ಹಿಂದಿಯಲ್ಲಿ, ಎಂದಿನಂತೆ ತಲೆಗೆ ಹೊದ್ದ ಓಢಣಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು. “ನಮ್ಮವರೇ ತುಟಿ ಎತ್ತಿ ನೋಡಿದರು. ಒಂದೂ ಅಲುಗಾಡ್ತಿಲ್ಲ.”

ಸಂತೆಯಲ್ಲಿ ದನ ಕೊಳ್ಳುವವರು ನೋಡುವುದೂ ಹಾಗೆಯೇ, ತುಟಿ ಎತ್ತಿ, ಮುಂದಿನ ಹಲ್ಲು ಮಾತ್ರ. ಇತಿಹಾಸದ ಪ್ರೊಫೆಸರ್ ಮುರಳೀಧರನಿಗೂ ಉತ್ಸಾಹ ಬಂತು. ತಾನೂ ತುಟಿ ಎತ್ತಿದವನು ಗಾಬರಿಯಾದ. “ಅಯ್ಯೋ ವೈಜು, ಮೇಲಿನ ಸಾಲು ಪೂರ್ತಿ ಉದುರಿಹೋಗಿದೆಯಲ್ಲೇ!”

ಓಢಣಿಯ ಹಿಂದೆ ಬಿಮ್ಲಾ ಕಿಸಕ್ಕನೆ ನಕ್ಕಳು. “ಮೇಲೆ ಮುಂದುಗಡೆ ಹಸುವಿಗೆ ಹಲ್ಲು ಇರೋದೇ ಇಲ್ಲ ಮಹಾರಾಯರೇ,” ಎಂದಳು ವೈಜಯಂತಿ. “ನೀವು ಟಾರ್ಚ್ ಹಿಡ್ಕೊಳ್ಳಿ, ಸಾಕು.”

ಕಾರಿನಿಂದ ಬ್ಯಾಗು ಬಂತು. ಬಿಮ್ಲಾ ಹಗ್ಗ ಬಿಗಿಹಿಡಿದು ಲಾಡೋಳ ಕಿವಿಯಲ್ಲಿ ಏನೇನೋ ಹೇಳುತ್ತ ನಿಂತಳು. ವೈಜಯಂತಿ ಆ ಒರಟು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯನ್ನು ಮೊಣಕೈ ಹತ್ತಿರದವರೆಗೂ ಒಳಗೆ ತೂರಿಸಿದಳು. ಮುರಳೀಧರ ಟಾರ್ಚ್ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದ. ಹಸು ಒಮ್ಮೆ ದವಡೆ ಕಚ್ಚಿದ್ದರೆ ಅವಳ ಬೆರಳೂ ಹೋಗುತ್ತಿತ್ತು, ಕ್ಲಿನಿಕ್ಕೂ ಹೋಗುತ್ತಿತ್ತು. ಅವಳ ಮುಖದಲ್ಲಿ ಮಾತ್ರ ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಶಾಂತಿ.

“ಸಿಕ್ತು. ನಮ್ಮ ಹಲ್ಲಿಗೆ ಪಾಚಿ ಕಟ್ಟಲ್ವಾ, ಅದೇ ಕಥೆ. ಕಣ್ಣಿಗೆ ಕಾಣದ ಕ್ರಿಮಿಗಳು ಸಂಸಾರ ಹೂಡಿ, ಒಸಡನ್ನ ಹಲ್ಲಿನಿಂದ ಬಿಡಿಸಿಬಿಟ್ಟಿವೆ. ಆ ಸಂದೀಲಿ ಹುಲ್ಲು ಸಿಕ್ಕಿ ಕೊಳೀತಿದೆ.” ಕಪ್ಪಗೆ ಗಟ್ಟಿಯಾದ ಹುಲ್ಲಿನ ಮುದ್ದೆ ಹೊರಬಂತು, ಹಿಂದೆಯೇ ಕೀವು. ಆಮೇಲೆ, ಹೆಚ್ಚು ಎಳೆದಾಡದೆ, ಬುಡ ಸಡಿಲವಾಗಿದ್ದ ದೊಡ್ಡ ದವಡೆ ಹಲ್ಲೂ ಬಂತು. ಲಾಡೋ ಮೈ ನಡುಗಿಸಿದಳು. ಕಚ್ಚಲಿಲ್ಲ, ಒದೆಯಲಿಲ್ಲ.

“ಇದನ್ನ ಇಟ್ಟುಕೊಂಡು ಹಾಲು ಬೇರೆ ಕೊಡ್ತಿದ್ದಳು,” ಎಂದಳು ವೈಜಯಂತಿ. ಅವಳ ಕಣ್ಣು ತುಂಬಿತ್ತು. “ನನ್ನ ಪೇಶೆಂಟುಗಳಲ್ಲಿ ಇಷ್ಟು ಗಟ್ಟಿಗಿತ್ತಿಯನ್ನ ನಾನು ನೋಡಿಲ್ಲ ರೀ.”

ಬೆಚ್ಚನೆಯ ಉಪ್ಪುನೀರಿನಲ್ಲಿ ಗಾಯ ತೊಳೆದರು. ವೈಜಯಂತಿ ಪರಿಚಯದ ಪಶುವೈದ್ಯರಿಗೆ ಫೋನು ಮಾಡಿ, ಮಧ್ಯಾಹ್ನ ಬಂದು ಇಂಜೆಕ್ಷನ್ ಕೊಡುವಂತೆ ಒಪ್ಪಿಸಿದಳು. ಬಿಮ್ಲಾ ಮೃದುವಾದ ಹಸಿ ಮೇವು ತಂದು ಮುಂದೆ ಹಿಡಿದಳು. ಲಾಡೋ ಮೂಸಿ ನೋಡಿ ಮುಖ ತಿರುಗಿಸಿದಳು. ಬಿಮ್ಲಾಳ ಕೈ ಇಳಿಯಿತು.

ಮುರಳೀಧರ ಗಡಿಯಾರ ನೋಡಿಕೊಂಡ. ವೈಜಯಂತಿ ಕದಲಲಿಲ್ಲ. ಬಿಸಿಲು ಕೊಟ್ಟಿಗೆಯ ಒಳಗೆ ಬರುವ ಹೊತ್ತಿಗೆ ಲಾಡೋ ತಾನಾಗಿಯೇ ತಲೆ ಬಗ್ಗಿಸಿ, ಒಂದು ಎಸಳು ಎಳೆದು ಅಗಿದಳು. ನೆಲಕ್ಕೆ ಏನೂ ಬೀಳಲಿಲ್ಲ. ಮತ್ತೊಂದು ತುತ್ತು. ಬಿಮ್ಲಾ ಅಂಗಳಕ್ಕೆ ಓಡಿ, “ಟೆಂಪೋದವನಿಗೆ ಬರಬೇಡ ಅನ್ನಿ!” ಎಂದು ಗಂಡನಿಗೆ ಕೇಳುವಂತೆ ಕೂಗಿದಳು. ಆ ಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಮುರಳೀಧರ ಕೇಳಿರಲಿಲ್ಲ.

ವೈಜಯಂತಿ ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆದುಕೊಂಡಳು. ಮುರಳೀಧರ ಹಾಲಿನ ಕ್ಯಾನು ಎತ್ತಿಕೊಂಡು ಕಾರಿನ ಕಡೆ ಹೋದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದವಳಂತೆ ಬಿಮ್ಲಾ ಹತ್ತಿರ ಬಂದಳು. ಇಷ್ಟು ವರ್ಷ ಆ ಓಢಣಿಯನ್ನು ವೈಜಯಂತಿ ಊರ ಪದ್ಧತಿ ಎಂದೇ ತಿಳಿದಿದ್ದಳು. ಈಗ ಬಿಮ್ಲಾ ಅದರ ಅಂಚನ್ನು ಬಾಯಿಯಿಂದ ಸರಿಸಿದಳು. ಊದಿದ ಒಸಡು, ಅಂಚಿನಲ್ಲಿ ರಕ್ತ, ಅದೇ ವಾಸನೆ.

“ನನ್ನದೂ ನೋಡ್ತೀರಾ?”

ವೈಜಯಂತಿ ಅವಳನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದಳು. ತೊಳೆದ ಕೈಯನ್ನು ಇನ್ನೊಮ್ಮೆ ತೊಳೆದುಕೊಂಡಳು.