ಹುಳದ ಎಂಜಲು

ಅತ್ತೆ ತಮ್ಮ ಹೆಬ್ಬೆರಳನ್ನು ನೆಕ್ಕಿಕೊಂಡು, ಮೊಮ್ಮಗಳ ಕೈಬೆರಳಿಗೆ ಮೆತ್ತಿದ್ದ ಜಾಮನ್ನು ಉಜ್ಜಿ ಒರೆಸುವುದನ್ನು ಕಂಡು, ಆಗಷ್ಟೇ ಕೆಲಸದಿಂದ ಬಂದ ಸೊಸೆ ಮುಖ ಸಿಂಡರಿಸಿದಳು. ಬೆಳಗ್ಗೆಯಿಂದ ಪ್ರಯೋಗಾಲಯದಲ್ಲಿ ಅವಳು ನೋಡಿದ್ದೆಲ್ಲ ಎಂಜಲೇ. ತಿಗಣೆಯ ದಾಯಾದಿಯಾದ ಬೇಟೆಹುಳವೊಂದು ಕಂಬಳಿಹುಳಕ್ಕೆ ಸೂಜಿಮೂತಿ ಚುಚ್ಚಿ ಎಂಜಲು ಇಳಿಸಿತ್ತು. ಒಳಗಿನದೆಲ್ಲ ಗಂಜಿಯಂತೆ ಕರಗಿ, ಅದನ್ನೂ ಹೀರಿಯಾದ ಮೇಲೆ ಉಳಿದದ್ದು ಕಳಚಿ ಬಿಸಾಕಿದ ಕಾಲುಚೀಲದಂಥ ತೊಗಲು.

“ಮಗೂಗೆ ಎಂಜಲು ಹಚ್ಚಬೇಡಿ ಅತ್ತೆ. ನಮ್ಮ ಹುಳದ ವಿಷಾನೂ ಮೊದಲು ಬರೀ ಎಂಜಲೇ ಆಗಿತ್ತು. ಕೋಟ್ಯಂತರ ವರ್ಷ ಕಳೆದು, ಬೇಟೇನ ಒಳಗಿಂದ ಕರಗಿಸೋ ವಿಷ ಆಯ್ತು.”

“ನಿನ್ನ ಗಂಡನ್ನ ಇದೇ ಎಂಜಲಲ್ಲಿ ಒರೆಸಿ ಬೆಳೆಸಿದೀನಿ. ಅವನೇನೂ ಕರಗಿಹೋಗಿಲ್ವಲ್ಲ” ಎಂದ ಅತ್ತೆ, ಬೇಕೆಂದೇ ಹೆಬ್ಬೆರಳನ್ನು ಇನ್ನೊಮ್ಮೆ ನೆಕ್ಕಿ ಒರೆಸಿದರು.

ಸೊಸೆ ಮಗುವನ್ನು ರಪ್ಪನೆ ತನ್ನತ್ತ ಎಳೆದುಕೊಂಡಳು. ಎಳೆದ ರಭಸಕ್ಕೆ ಪುಟ್ಟ ಬೆರಳು ಜಾಮಿನ ಡಬ್ಬಿಯ ತಗಡಿನಂಚಿಗೆ ತಗುಲಿ ರಕ್ತ ಜಿನುಗಿತು. ಮಗು ಅಳು ತೆಗೆಯುವ ಮೊದಲೇ ಆ ಬೆರಳು ಸೊಸೆಯ ಬಾಯೊಳಗಿತ್ತು. ಅವಳು ಕಣ್ಣುಮುಚ್ಚಿ ಹೀರುತ್ತಿದ್ದಳು.

ಅತ್ತೆ ಡಬ್ಬಿಗೆ ಮುಚ್ಚಳ ಹಾಕುತ್ತ ತಣ್ಣಗೆ ಹೇಳಿದರು: “ನಾನು ಈಗ ಒರೆಸಿದ್ದು ಅದೇ ಬೆರಳು ಕಣಮ್ಮ.”

ಬಾಯಿ ತುಂಬ ರಕ್ತ, ಜಾಮು, ಎಂಜಲು. ಉಗುಳಲೂ ಆಗದೆ, ನುಂಗಲೂ ಆಗದೆ ಸೊಸೆ ಕಣ್ಣು ತೆರೆದಳು.